ಗಡ್ಡದೊಳಗಿನ ಎಲುಬು

ಮಕ್ಕಳೇ, ಜೊಂಡಿನ ಕೆರೆ ಎಂದು ಒಂದು ಕೆರೆ. ಅದರ ಈಚೆ ದಂಡೆಗೆ ಪಟ್ಟಣದ ರಸ್ತೆ, ಆಚೆ ದಂಡೆಗೆ ಜೋಡುಬಂಡೆ ಗುಡ್ಡ. ಗುಡ್ಡದ ಮೇಲೆ ಒಂದು ಮೇಕೆ ಮಂದೆ ಇತ್ತು. ಅದಕ್ಕೆ ಒಡೆಯನಿಲ್ಲ, ಹಗ್ಗವಿಲ್ಲ, ಕೊರಳಿಗೆ ಗಂಟೆಯಿಲ್ಲ. ಮುಳ್ಳುಪೊದೆ ಬೇಕಾದಷ್ಟಿತ್ತು. ಮೇಕೆಗೆ ಇನ್ನೇನು ಬೇಕು.

ಮಂದೆಗೆ ಹಿರಿಯನೆಂದರೆ ಕೊಂಬಯ್ಯ ಎಂಬ ಹೋತ. ಅವನ ಕೊಂಬು ಎರಡೂ ಹಿಂದಕ್ಕೆ ಬಾಗಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಗಡ್ಡ ಮೊಣಕಾಲು ಮುಟ್ಟುತ್ತಿತ್ತು. ಕೆರೆಯಲ್ಲಿ ನೀರು ಕುಡಿಯಲು ಬಗ್ಗಿದಾಗ ಅವನು ಮೊದಲು ತನ್ನ ಮುಖ ನೋಡಿಕೊಳ್ಳುತ್ತಿದ್ದ. ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ. ಕುಡಿಯುವುದು ಆಮೇಲೆ.

ಕೆಟ್ಟವನಲ್ಲ. ಮಂದೆಗಾಗಿ ಬಂಡೆಗೂ ಹಾಯುವ ಗಂಡು. ಆದರೆ ಯಾವುದನ್ನೂ ಕಣ್ಣಿನಿಂದಲೇ ತೂಗುತ್ತಿದ್ದ. ಚೆಂದ ಕಂಡದ್ದು ಗಟ್ಟಿಯೂ ಇರುತ್ತದೆ ಎಂದು ಅವನ ಎಣಿಕೆ. ಅದೊಂದೇ ಅವನ ಕೊರತೆ. ಒಂದೇ ಸಾಕಾಯಿತು.

ಆ ವರ್ಷ ಗುಡ್ಡಕ್ಕೆ ಎರಡು ನರಿಗಳು ಬಂದು ಬಿಡಾರ ಹೂಡಿದವು. ಗಂಡ ನರಿಯಪ್ಪ, ಹೆಂಡತಿ ನರಿಯಮ್ಮ. ಬಂದ ದಿನ ಬಲು ಮರ್ಯಾದೆಯಿಂದ ಮಾತಾಡಿಸಿದರು.

"ನಾವು ಇಲಿ ಏಡಿ ತಿಂದುಕೊಂಡು ಬದುಕೋರು ಸ್ವಾಮಿ. ನಿಮ್ಮ ತಂಟೆಗೆ ಬರೋಲ್ಲ" ಎಂದ ನರಿಯಪ್ಪ.

ಮಳೆ ಹಿಡಿಯುವುದರೊಳಗೆ ಮಂದೆಯ ಒಂದು ಮರಿ ಕಾಣೆಯಾಯಿತು. ಸ್ವಲ್ಪ ದಿನಕ್ಕೆ ಇನ್ನೊಂದು. ಕೊನೆಗೆ ಉಳಿದದ್ದು ಒಂದೇ ಮರಿ. ಅದರ ಹಣೆಯಲ್ಲಿ ಬಿಳಿ ಬೊಟ್ಟಿತ್ತು, ಹಾಗಾಗಿ ಹೆಸರು ಚುಕ್ಕಿ. ಕೊಂಬಯ್ಯನ ಮೊಮ್ಮಗಳು. ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಂದೆಯ ಮುದುಕಿ ನಿಂಗಜ್ಜಿ ಕೊಂಬಯ್ಯನ ಎದುರು ಬಂದು ನಿಂತಳು. ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ನಾಲಗೆ ಮಾತ್ರ ನೆಟ್ಟಗಿತ್ತು.

"ಕೊಂಬಯ್ಯ, ನರಿ ಎರಡಿವೆ. ನೀನು ಒಬ್ಬ."

"ನನ್ನ ಕೊಂಬೂ ಎರಡಿವೆ."

"ಎರಡೂ ಒಂದೇ ತಲೆ ಮೇಲಿವೆ. ನೀನು ಮುಂದೆ ನೋಡ್ತಿದ್ದರೆ ಅವು ಹಿಂದಿನಿಂದ ಬರ್ತವೆ. ನಾಯಿ ಬೇಕು ನಮಗೆ. ಕೆರೆ ಆಚೆ ಬೂದಕ್ಕನ ಹತ್ತಿರ ಹೋಗಿ ಒಂದು ಕೇಳ್ಕೊಂಡು ಬಾ."

ಕೊಂಬಯ್ಯ ಚುಕ್ಕಿಯನ್ನು ನೋಡಿದ. ಅವಳು ನಿಂಗಜ್ಜಿಯ ಬೆನ್ನ ಮೇಲೆ ಹತ್ತಿ ನಿಂತಿದ್ದಳು. ಅವನು ಹೊರಟ.

ಬೂದಕ್ಕ ಯಾರೆಂದು ಹೇಳಬೇಕು. ಅವಳು ಒಂದು ಹೆಣ್ಣು ಕತ್ತೆ. ಕೆರೆ ಪಕ್ಕದ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಹೊತ್ತವಳು. ಗೂಡಿನ ಕೆಲಸ ನಿಂತಿತು. ಜನ ಹೋದರು. ಅವಳನ್ನು ಅಲ್ಲೇ ಬಿಟ್ಟರು. ಒಂದು ಮಳೆಯ ದಿನ ಯಾರೋ ರಸ್ತೆಯಲ್ಲಿ ಬಿಸಾಡಿದ ನಾಯಿಮರಿಯೊಂದು ಬಂದು ಅವಳ ಹೊಟ್ಟೆಗೆ ಒರಗಿ ಮಲಗಿತು. ಬೂದಕ್ಕ ಎದ್ದು ಹೋಗಲಿಲ್ಲ. ಅಷ್ಟೇ ಅವಳು ಮಾಡಿದ್ದು. ಮಾರನೆಯ ದಿನ ಒಂದು ಬೆಕ್ಕು ಬಂತು. ಆಮೇಲೆ ಬರುವವು ಬರುತ್ತಲೇ ಇದ್ದವು. ಪಟ್ಟಣದವರು ಬೇಡವೆಂದು ಬಿಟ್ಟ ನಾಯಿ ಬೆಕ್ಕುಗಳಿಗೆಲ್ಲ ಆ ಹಾಳು ಗೂಡೇ ಮನೆಯಾಯಿತು.

ಬೇಕಾದವರು ಬಂದು ಅಲ್ಲಿಂದ ಕರೆದುಕೊಂಡು ಹೋಗುವುದೂ ಉಂಟು. ಆಚೆ ಬಯಲಿನ ಮೊಲಗಳು ಒಂದು ಕುರುಡು ಬೆಕ್ಕನ್ನು ಕರೆದೊಯ್ದಿದ್ದವು. ಬೆಕ್ಕಿಗೆ ಕಣ್ಣಿಲ್ಲವೆಂದು ಹೆಗ್ಗಣಗಳಿಗೆ ಯಾರೂ ಹೇಳಲಿಲ್ಲ. ಅವು ಬಿಲ ಖಾಲಿ ಮಾಡಿದವು.

ಕೊಂಬಯ್ಯ ಹೋದಾಗ ಬೂದಕ್ಕ ಬಿಸಿಲು ಕಾಯಿಸುತ್ತಿದ್ದಳು. ಅವಳ ಬೆನ್ನ ಮೇಲೆ ಶೀನಪ್ಪ ಎಂಬ ಕೊಕ್ಕರೆ ಕೂತಿದ್ದ. ಅವನು ಅವಳ ಪರವಾಗಿ ಓಡಾಡಿ ಸುದ್ದಿ ತರುವವನು.

ಬಂದ ಕೂಡಲೇ ಕೊಂಬಯ್ಯನ ಕಣ್ಣು ಒಂದು ಗಂಡು ನಾಯಿಯ ಮೇಲೆ ಬಿತ್ತು. ಕಂಚಿನ ಬಣ್ಣದ ಕೂದಲು. ಬೀಸಣಿಗೆಯಂಥ ಬಾಲ. ಗೂಡಿನ ಮೆಟ್ಟಿಲ ಮೇಲೆ ಅರಮನೆಯ ಬಾಗಿಲಲ್ಲಿ ಕೂತ ಹಾಗೆ ಕೂತಿದ್ದ. ಒಮ್ಮೆ ಬೊಗಳಿದ. ಕೆರೆಯ ಆಚೆ ದಂಡೆಯಿಂದ ಮಾರುದನಿ ಬಂತು.

"ಅವನೇ ಸರಿ. ಅವನನ್ನು ಕೊಡು" ಎಂದ ಕೊಂಬಯ್ಯ.

"ಕೂತ್ಕೋ ಮೊದಲು" ಎಂದಳು ಬೂದಕ್ಕ.

"ಕೂರೋಕೆ ಬಂದಿಲ್ಲ. ಆ ಕಂಚಿನ ಬಣ್ಣದವನು."

"ಅವನ ಹೆಸರು ಬ್ರೂನೋ. ಪಟ್ಟಣದವನು. ಬೆರಳು ಮಾಡಿ ತೋರಿಸಿ ಕೊಂಡು ಹೋಗೋಕೆ ಇದು ಸಂತೆಯಲ್ಲ ಮಾರಾಯ."

"ನನಗೆ ಬೆರಳಿಲ್ಲ."

"ಕೊಂಬು ಮಾಡಿ ತೋರಿಸಿದೆಯಲ್ಲ, ಅದೂ ಅದೇ" ಎಂದ ಶೀನಪ್ಪ ಮೇಲಿನಿಂದ.

ಬೂದಕ್ಕ ಅಲ್ಲಿಯ ಪದ್ಧತಿ ಹೇಳಿದಳು. ಕೆರೆಯ ಕಡೆ ಒಂದು ಹುಣಸೆ ಬೊಡ್ಡೆ ಇದೆ. ನಾಯಿ ಬೇಕೆಂದವರು ಅದರ ಪಕ್ಕ ಗೂಡಿಗೆ ಬೆನ್ನು ಹಾಕಿ ಕೂರಬೇಕು. ನೀರು ನೋಡುತ್ತಿರಬೇಕು, ತಿರುಗಿ ನೋಡಬಾರದು. ಕರೆಯಬಾರದು. ಮೈಮೇಲೆ ತಿನ್ನುವ ಪದಾರ್ಥ ಏನೂ ಇರಬಾರದು. ಗೂಡಿನೊಳಗಿಂದ ಯಾರು ತಾವಾಗಿ ಬಂದು ಪಕ್ಕದಲ್ಲಿ ಕೂರುತ್ತಾರೋ ಅವರೇ ಕೇಳಲು ಬಂದವರ ಪಾಲು.

"ಇದೆಂಥ ಪದ್ಧತಿ? ಬೇಕಾಗಿರೋದು ನನಗೆ. ಆರಿಸೋದು ಅವರಾ?"

"ಇಲ್ಲಿರೋರೆಲ್ಲ ಒಂದು ಸಲ ಯಾರೋ ಆರಿಸಿಕೊಂಡು ಹೋದವರೇ. ಬಣ್ಣ ನೋಡಿ, ಬಾಲ ನೋಡಿ. ಆರಿಸಿದವರೇ ತಂದು ರಸ್ತೇಲಿ ಬಿಟ್ಟರು. ಈ ಸಲ ಅವೇ ಆರಿಸಲಿ."

ಕೊಂಬಯ್ಯ ಗಡ್ಡ ಕೊಡವಿದ. ಅವನಿಗೆ ಒಪ್ಪಿಗೆಯಾಗಲಿಲ್ಲ.

"ಅದಕ್ಕೂ ಮೊದಲು ಶೀನಪ್ಪ ನಿಮ್ಮ ಗುಡ್ಡ ನೋಡಿ ಬರ್ತಾನೆ" ಎಂದಳು ಬೂದಕ್ಕ. "ಅವನು ಸೈ ಅಂದರೆ ನಾಳೆ ಬಂದು ಕೂತ್ಕೋ."

ಶೀನಪ್ಪ ಅಂದೇ ಗುಡ್ಡಕ್ಕೆ ಹಾರಿ ಬಂದ. ಬಂಡೆಯ ಸಂದಿಗೆಲ್ಲ ಕೊಕ್ಕು ಹಾಕಿ ನೋಡಿದ. ಮೇಕೆಗಳು ಸಾಲಾಗಿ ನಿಂತವು.

"ನೆರಳಿದೆಯೋ?"

"ಬಂಡೆ ಕೆಳಗೆ ಬೇಕಾದಷ್ಟಿದೆ" ಎಂದಳು ನಿಂಗಜ್ಜಿ.

"ನೀರು?"

"ನೀನು ಈಗ ದಾಟಿ ಬಂದೆಯಲ್ಲ, ಅದಕ್ಕೆ ಕೆರೆ ಅಂತಾರೆ."

"ಕಟ್ಟಿ ಹಾಕ್ತೀರೋ?"

"ನಮ್ಮನ್ನೇ ಯಾರೂ ಕಟ್ಟಿಲ್ಲ. ಹಗ್ಗ ಹೇಗಿರುತ್ತೆ ಅಂತಲೂ ಗೊತ್ತಿಲ್ಲ."

"ಮುದಿಯಾದರೆ, ಕಾಯಿಲೆ ಬಿದ್ದರೆ ಓಡಿಸ್ತೀರೋ?"

ನಿಂಗಜ್ಜಿ ಬಾಯಿ ಅಗಲವಾಗಿ ತೆರೆದಳು. "ಹಲ್ಲು ಎಣಿಸು. ಒಂದಾದರೂ ಇದೆಯಾ? ನನ್ನನ್ನು ಓಡಿಸಿದಾರಾ? ಎಳೆ ಚಿಗುರು ಅಗಿದು ಬಾಯಿಗೆ ಇಡ್ತಾರೆ. ಹೆಣ್ಣು ಕೊಡೋಕೆ ಬಂದವರೂ ಇಷ್ಟು ಕೇಳಲ್ಲಪ್ಪ."

"ಇದೊಂದು ಕೇಳ್ತೀನಿ. ನಾಯಿ ಮುಳ್ಳು ತಿನ್ನಲ್ಲ. ಊಟಕ್ಕೇನು?"

ಸಾಲಿನ ಕೊನೆಯಲ್ಲಿ ಎರಡು ಮೇಕೆಗಳು ತಲೆ ತಗ್ಗಿಸಿದವು.

"ಮರಿ ಕಳ್ಕೊಂಡ ತಾಯಂದಿರು ಇವರು" ಎಂದಳು ನಿಂಗಜ್ಜಿ. "ಕೆಚ್ಚಲು ತುಂಬಿ ನೋಯ್ತಾ ಇದೆ. ಕುಡಿಯೋರಿಲ್ಲ. ನಾಯಿ ಕುಡಿಯಲಿ."

ಶೀನಪ್ಪ ಸೈ ಎಂದು ಹಾರಿ ಹೋದ.

ಇತ್ತ ಕೊಂಬಯ್ಯನ ತಲೆಯಲ್ಲಿ ಒಂದೇ ಯೋಚನೆ. ಬ್ರೂನೋ ಬರದೆ ಇನ್ಯಾರೋ ಬಂದು ಕೂತುಬಿಟ್ಟರೆ? ಗೂಡಿನಲ್ಲಿ ಅವನು ಎಲ್ಲರನ್ನೂ ನೋಡಿದ್ದ. ಮೈಯೆಲ್ಲ ಬೊಕ್ಕೆಯವನು ಒಬ್ಬ. ಹಲ್ಲು ಹೋದವನು ಒಬ್ಬ. ಒಂದು ಕಿವಿ ಹರಿದು ಕುಂಟುತ್ತಿದ್ದ ಮಣ್ಣು ಬಣ್ಣದ ಹೆಣ್ಣು ನಾಯಿ ಒಂದು. ಇಂಥದನ್ನು ಕರೆದುಕೊಂಡು ಹೋದರೆ ನರಿಗಳು ನಕ್ಕು ಸಾಯುತ್ತವೆ. ನಕ್ಕು ಸತ್ತರೆ ಒಳ್ಳೆಯದೇ. ಆದರೆ ಸಾಯುವುದಿಲ್ಲ.

ಬೆಳಿಗ್ಗೆ ಎದ್ದವನೇ ಅವನು ನರಿಗಳ ಬಿಲದ ಹತ್ತಿರ ಹೋದ. ಅಲ್ಲಿ ಅವು ತಿಂದು ಎಸೆದ ಎಲುಬಿನ ಗುಡ್ಡೆಯಿತ್ತು. ಒಂದು ಒಳ್ಳೆಯ ಎಲುಬು ಆರಿಸಿದ. ಅದು ಯಾರ ಎಲುಬೆಂದು ಯೋಚಿಸಲು ಹೋಗಲಿಲ್ಲ. ಜಾಲಿ ಮರದ ಅಂಟಿಗೆ ಗಡ್ಡ ಉಜ್ಜಿದ. ಎಲುಬನ್ನು ಗಡ್ಡದೊಳಗೆ ಅಂಟಿಸಿಕೊಂಡ. ಹೊರಗೆ ಏನೂ ಕಾಣಿಸುವಂತಿರಲಿಲ್ಲ.

ಪೊದೆಯ ಹಿಂದೆ ನರಿಯಪ್ಪ ಕೂತಿದ್ದ. ಅವನು ಎಲ್ಲ ನೋಡಿದ.

"ಮೇಕೆಗೆ ಎಲುಬು ಯಾಕೆ?" ಎಂದು ಹೆಂಡತಿಯನ್ನು ಕೇಳಿದ.

"ಹೋಗಿ ನೋಡ್ಕೊಂಡು ಬಾ" ಎಂದಳು ನರಿಯಮ್ಮ.

ಅವನು ದೂರದಿಂದ ಹಿಂಬಾಲಿಸಿದ.

ಗೂಡಿನ ಹತ್ತಿರ ಬೂದಕ್ಕ ಕೊಂಬಯ್ಯನನ್ನು ತಡೆದು ನಿಲ್ಲಿಸಿದಳು. "ಮೈಮೇಲೆ ಏನಾದರೂ ಇದೆಯಾ?"

"ಗಡ್ಡ ಇದೆ."

"ಅದು ಕಾಣಿಸ್ತಾ ಇದೆ."

"ಮತ್ತೇನಿರುತ್ತೆ?"

ಗಾಳಿ ಕೆರೆಯ ಕಡೆಗೆ ಬೀಸುತ್ತಿತ್ತು. ಬೂದಕ್ಕನ ಮೂಗಿಗೆ ವಾಸನೆ ತಲುಪಲಿಲ್ಲ. ಅವಳು ದಾರಿ ಬಿಟ್ಟಳು.

ಕೊಂಬಯ್ಯ ಹುಣಸೆ ಬೊಡ್ಡೆಯ ಪಕ್ಕ ಕೂತ. ಮುಂದೆ ನೀರು. ಹಿಂದೆ ಗೂಡು, ಗೂಡಿನ ಪಕ್ಕ ಕಳ್ಳಿಯ ಸಾಲು. ಸ್ವಲ್ಪ ಹೊತ್ತಿಗೆ ಹಿಂದೆ ಹೆಜ್ಜೆ ಸಪ್ಪಳವಾಯಿತು. ಒಂದು ಹೆಜ್ಜೆ ಎಳೆದು ಇಡುವ ಸಪ್ಪಳ. ಯಾರೋ ಬಂದು ಕೂತರು. ಪಕ್ಕದಲ್ಲಲ್ಲ. ಬೆನ್ನಿಗೆ ಬೆನ್ನು ತಾಗಿಸಿ, ಆ ಕಡೆ ಮುಖ ಮಾಡಿ ಕೂತರು.

ಕೊಂಬಯ್ಯ ಓರೆಗಣ್ಣಿನಲ್ಲಿ ನೋಡಿದ. ಮಣ್ಣು ಬಣ್ಣ. ಹರಿದ ಕಿವಿ. ಅದೇ ಕುಂಟಿ. ಹೆಸರು ಗೋಣಿ. ಗೋಣಿಚೀಲದಲ್ಲಿ ಕಟ್ಟಿ ಕೆರೆಗೆ ಎಸೆದಿದ್ದರು, ಬೂದಕ್ಕ ಹಲ್ಲಿನಲ್ಲಿ ಹಿಡಿದು ಎಳೆದು ತಂದಿದ್ದಳು. ಅದಕ್ಕೇ ಆ ಹೆಸರು.

"ಬೆನ್ನು ತೋರಿಸಿ ಕೂರ್ತಾಳೆ. ಮರ್ಯಾದೆ ಗೊತ್ತಿಲ್ಲದವಳು" ಎಂದುಕೊಂಡ ಕೊಂಬಯ್ಯ. ಯಾರೂ ನೋಡದ ಹಾಗೆ ಹಿಂಗಾಲಿನಿಂದ ಒದ್ದ.

ಗೋಣಿ ಕಂಯ್ ಎನ್ನಲಿಲ್ಲ. ಎದ್ದು ದೂರ ಹೋಗಿ ಕೂತಳು. ಮುಖ ಮಾತ್ರ ಕಳ್ಳಿಯ ಸಾಲಿನ ಕಡೆಗೇ ಇತ್ತು.

ಅಷ್ಟರಲ್ಲಿ ನೀರು ಕುಡಿಯಲು ಇಳಿದಿದ್ದ ಬ್ರೂನೋ ಗಾಳಿ ವಾಸನೆ ತರುವ ಜಾಗಕ್ಕೆ ಬಂದ. ಮೂಗು ಎತ್ತಿದ. ಬಾಲ ಬೀಸಿದ. ನೇರವಾಗಿ ಬಂದು ಕೊಂಬಯ್ಯನಿಗೆ ಒರಗಿ ಕೂತು ಮೂತಿಯನ್ನು ಗಡ್ಡದೊಳಗೆ ತೂರಿಸಿದ.

"ಗುಡ್ಡಕ್ಕೆ ಬಾ, ಅಲ್ಲಿ ಕೊಡ್ತೀನಿ" ಎಂದು ಕೊಂಬಯ್ಯ ತುಟಿ ಅಲ್ಲಾಡಿಸದೆ ಹೇಳಿದ.

ಬೂದಕ್ಕ ನೋಡಿದಳು. ತಾನಾಗಿ ಬಂದು ಕೂತಿದ್ದಾನೆ. ಬೇಡ ಎನ್ನುವ ಹಾಗಿಲ್ಲ. "ಕರ್ಕೊಂಡು ಹೋಗು. ಸರಿಹೋಗದಿದ್ದರೆ ರಸ್ತೇಲಿ ಬಿಡಬೇಡ. ಇಲ್ಲಿಗೇ ತಾ" ಎಂದಳು.

ಕಳ್ಳಿಯ ಹಿಂದಿನಿಂದ ನರಿಯಪ್ಪ ಮೆಲ್ಲಗೆ ಜಾರಿಕೊಂಡ.

ಗುಡ್ಡದಲ್ಲಿ ಬ್ರೂನೋನಿಗೆ ದೊಡ್ಡ ಸ್ವಾಗತ. ಮೇಕೆಗಳೆಲ್ಲ ಸುತ್ತ ನಿಂತು ಕೂದಲು ನೋಡಿದವು. ನಿಂಗಜ್ಜಿಗೆ ಹೆಸರು ಹೇಳಲು ಬರಲಿಲ್ಲ. ಬುರುನಪ್ಪ ಎಂದಳು. ಚುಕ್ಕಿ ಅವನ ಬಾಲ ಹಿಡಿದು ಜೋತಾಡಿದಳು. ಅವನು ಸುಮ್ಮನಿದ್ದ. ಅವಳು ಅವನ ಕೂದಲಿನೊಳಗೆ ಮುಖ ಹುದುಗಿಸಿ ನಿದ್ದೆ ಹೋದಳು.

ಬ್ರೂನೋ ಬೊಗಳಿದರೆ ಬಂಡೆ ಬಂಡೆಗೂ ಮಾರುದನಿ. ನರಿಗಳು ಬಿಲ ಬಿಟ್ಟು ಹೊರಗೆ ಕಾಣಲಿಲ್ಲ. ಕೊಂಬಯ್ಯ ಕೆರೆಗೆ ಇಳಿದಾಗ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ. ನೀರಿನಲ್ಲಿ ಎರಡು ಮುಖ ಒಟ್ಟಿಗೆ ನೋಡಿದ. ಜೋಡಿ ಬಹಳ ಚೆನ್ನಾಗಿತ್ತು.

"ಹೇಗಿದೆ ನನ್ನ ಆಯ್ಕೆ?" ಎಂದು ನಿಂಗಜ್ಜಿಯನ್ನು ಕೇಳಿದ.

"ಅವನೇ ಬಂದು ಕೂತ ಅಂದಿದ್ದೆಯಲ್ಲ. ನಿನ್ನ ಆಯ್ಕೆ ಹೇಗಾಯ್ತು?" ಎಂದಳು ನಿಂಗಜ್ಜಿ.

ಕೊಂಬಯ್ಯ ನೀರು ಕುಡಿಯಲು ಬಗ್ಗಿದ.

ಒಂದು ವಿಷಯ ಅವನಿಗೆ ಕಿರಿಕಿರಿಯಾಗುತ್ತಿತ್ತು. ಎಲುಬು ಎಂದೋ ಮುಗಿದಿತ್ತು. ಆದರೂ ಬ್ರೂನೋ ದಿನವೂ ಬಂದು ಅವನ ಗಡ್ಡ ಮೂಸುತ್ತಿದ್ದ. ಏನೂ ಸಿಗದೆ ಸ್ವಲ್ಪ ದೂರ ಹೋಗಿ ಕೂರುತ್ತಿದ್ದ.

ಒಂದು ದಿನ ಬಿಲದಲ್ಲಿ ನರಿಯಪ್ಪ ಹೆಂಡತಿಗೆ ಹೇಳಿದ. "ಹೆದರಬೇಡ ಕಣೇ. ಅವನು ಹೋತನ ಹಿಂದೆ ಬಂದವನಲ್ಲ. ಎಲುಬಿನ ಹಿಂದೆ ಬಂದವನು. ಎಲುಬು ನಮ್ಮ ಹತ್ತಿರವೂ ಇದೆ. ಮಾಂಸ ಇರೋ ಎಲುಬೇ ಇದೆ."

ಅಂದು ಸಂಜೆ ಮಂದೆ ಕೆರೆಯಿಂದ ಗುಡ್ಡಕ್ಕೆ ಹತ್ತುತ್ತಿತ್ತು. ಮುಂದೆ ಎದೆಯುಬ್ಬಿಸಿ ಕೊಂಬಯ್ಯ. ಕೊನೆಯಲ್ಲಿ ಚುಕ್ಕಿ, ಅವಳ ಪಕ್ಕ ಬ್ರೂನೋ. ಹಿಂದೆ ಅಂಥ ನಾಯಿ ಇರುವಾಗ ತಿರುಗಿ ನೋಡುವುದೇಕೆ ಎಂದು ಕೊಂಬಯ್ಯ ನೋಡಲಿಲ್ಲ.

ಬದಿಯ ಬಂಡೆಯ ಮೇಲೆ ನರಿಯಪ್ಪ ಕಾಣಿಸಿಕೊಂಡ. ಬಾಯಲ್ಲಿ ದೊಡ್ಡ ಎಲುಬು. ಓಡಲಿಲ್ಲ. ವಾಸನೆ ಗಾಳಿಗೆ ಬರಲಿ ಎಂದು ಸಾವಕಾಶವಾಗಿ ನಡೆದ. ಎಲುಬನ್ನು ಕೆಳಗಿಟ್ಟ. ಬ್ರೂನೋನನ್ನು ನೋಡಿದ. ಮತ್ತೆ ಎತ್ತಿಕೊಂಡು ಬಂಡೆಯ ಆಚೆಗೆ ಇಳಿದ.

ಬ್ರೂನೋ ಹೋದ.

ಪೊದೆಯಿಂದ ನರಿಯಮ್ಮ ಹಾರಿದಳು. ಚುಕ್ಕಿಯ ಕೂಗು ಕೇಳಿ ಕೊಂಬಯ್ಯ ತಿರುಗಿದಾಗ ಮರಿಯ ಹಿಂಗಾಲು ನರಿಯಮ್ಮನ ಬಾಯಲ್ಲಿತ್ತು. ಎಳೆದುಕೊಂಡು ಹೋಗುತ್ತಿದ್ದಳು. ಅವನು ಮೇಲಿನಿಂದ ಹಾರಿದ. ಮೇಕೆಗಳ ತಲೆ ಮೇಲೆ ಹಾದು ಬಂದು ಹಾಯ್ದ. ನರಿಯಮ್ಮ ಪಕ್ಕಕ್ಕೆ ಸರಿದಳು. ಕೊಂಬು ಬಂಡೆಗೆ ಬಡಿಯಿತು. ಲಟಕ್ಕೆಂದು ಮುರಿಯಿತು. ಅವನು ನಿಲ್ಲಲಿಲ್ಲ. ಉಳಿದ ಕೊಂಬಿನಿಂದ ಅವಳ ಪಕ್ಕೆಗೆ ತಿವಿದ. ನರಿಯಮ್ಮ ಮರಿಯನ್ನು ಬಿಟ್ಟು ಓಡಿದಳು.

ಚುಕ್ಕಿ ಬದುಕಿದಳು. ಕಾಲು ಮಾತ್ರ ಸೊಟ್ಟಗಾಯಿತು. ಮುಂದೆ ಎಂದೂ ನೆಟ್ಟಗಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಬ್ರೂನೋ ಬಂದ. ಬಾಯಲ್ಲಿ ಎಲುಬು. ಖುಷಿಯಿಂದ ಬಾಲ ಬೀಸುತ್ತಿದ್ದ. ಎಲುಬನ್ನು ತಂದು ಕೊಂಬಯ್ಯನ ಮುಂದೆ ಇಟ್ಟ.

"ನೋಡು, ನಿನ್ನದಕ್ಕಿಂತ ದೊಡ್ಡದು."

ಆಮೇಲೆ ಅವನು ಮರಿಯನ್ನು ನೋಡಿದ. ಬಾಲ ನಿಂತಿತು.

"ಎಲ್ಲಿ ಹೋಗಿದ್ದೆ?" ಎಂದ ಕೊಂಬಯ್ಯ.

"ಕರೆದರು. ಹೋದೆ."

"ಅವನು ನರಿ."

"ನೀನು ನನ್ನನ್ನು ಎಲುಬು ತೋರಿಸಿ ಕರೆದೆ. ಅವನೂ ಎಲುಬು ತೋರಿಸಿ ಕರೆದ. ನನಗೇನು ಗೊತ್ತು ಯಾರು ನನ್ನವರು ಅಂತ?" ಬ್ರೂನೋ ದನಿ ತಗ್ಗಿಸಿದ. "ಕಾರಿನಿಂದ ಇಳಿಸಿದಾಗಲೂ ಬಿಸ್ಕತ್ತು ತೋರಿಸಿದ್ದರು. ಇಳಿದೆ. ತಿನ್ನೋದರೊಳಗೆ ಕಾರು ಹೋಗಿತ್ತು."

ಕೊಂಬಯ್ಯನಿಗೆ ಸಿಟ್ಟು ಬಂದಿತ್ತು. ಎಲ್ಲಿ ಹಾಯುವುದೆಂದು ತಿಳಿಯಲಿಲ್ಲ. ಎಲುಬನ್ನು ಗಡ್ಡಕ್ಕೆ ಅಂಟಿಸಿಕೊಂಡವನು ತಾನೇ.

ಮಾರನೆಯ ಬೆಳಿಗ್ಗೆ ಅವನು ಕೆರೆ ಬಳಸಿಕೊಂಡು ಗೂಡಿಗೆ ನಡೆದ. ಬ್ರೂನೋ ಹಿಂದೆ ದೂರದಲ್ಲಿ ಬಂದ. ಬಾ ಎಂದೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ.

ಬೂದಕ್ಕ ಮುರಿದ ಕೊಂಬು ನೋಡಿದಳು.

"ಅವತ್ತು ಗಡ್ಡ ಇದೆ ಅಂದಿದ್ದೆ" ಎಂದ ಕೊಂಬಯ್ಯ. "ಗಡ್ಡದೊಳಗೆ ಎಲುಬಿತ್ತು."

"ಹೂಂ."

"ಮರಿಯ ಕಾಲು ಹೋಯ್ತು."

"ಜೀವ?"

"ಇದೆ."

"ಮೂಸಿ ನೋಡದೆ ಬಿಟ್ಟಿದ್ದು ನನ್ನ ತಪ್ಪು. ಇನ್ನು ಮೇಲೆ ಗಾಳಿ ವಾಸನೆ ತರೋ ಕಡೆ ನಿಲ್ತೀನಿ" ಎಂದಳು ಬೂದಕ್ಕ. "ಈಗ ಏನು?"

"ಇವನನ್ನು ಇಟ್ಕೊ. ಬೇರೆ ಕೊಡು."

"ಇಟ್ಕೊಳ್ತೀನಿ. ಬಾಗಿಲು ಇರೋದೇ ಅದಕ್ಕೆ. ಬೇರೆ ಕೊಡೋದು ನಾನಲ್ಲ, ಅದು ನಿನಗೂ ಗೊತ್ತು. ಹೋಗಿ ಗಡ್ಡ ತೊಳ್ಕೊಂಡು ಬಾ."

ಕೊಂಬಯ್ಯ ನೀರಿಗಿಳಿದ. ಅಂಟು ಬಿಡುವ ತನಕ ಗಡ್ಡವನ್ನು ಕಲ್ಲಿಗೆ ಉಜ್ಜಿದ. ಅರ್ಧ ಗಡ್ಡ ಅಂಟಿನ ಜೊತೆಗೇ ಹೋಯಿತು. ನೀರು ತಿಳಿಯಾದಾಗ ಒಂದೇ ಕೊಂಬಿನ ಮುಖ ಕಂಡಿತು. ಒಮ್ಮೆ ನೋಡಿದ. ಎರಡನೆಯ ಸಲ ನೋಡಲಿಲ್ಲ. ಬಂದು ಬೊಡ್ಡೆಯ ಪಕ್ಕ ಕೂತ.

ಬಿಸಿಲು ಏರಿತು. ಯಾರೂ ಬರಲಿಲ್ಲ. ಗೂಡಿನೊಳಗೆ ನಾಯಿಗಳು ಓಡಾಡುವ ಸಪ್ಪಳ ಕೇಳುತ್ತಿತ್ತು. ಹತ್ತಿರ ಬರುತ್ತಿರಲಿಲ್ಲ. ಅವನು ತಿರುಗಲಿಲ್ಲ. ಗುಡ್ಡದ ಕಡೆ ನೋಡಿದ. ಬರಿಗೈಯಲ್ಲಿ ಹೋದರೆ ನರಿಗಳು ಇಂದೇ ಸಂಜೆ ಮತ್ತೆ ಬರುತ್ತವೆ. ಕುಂಟುವ ಮರಿ ಓಡಲಾರದು.

ಕೊನೆಗೆ ಅವನು ನೀರು ನೋಡುತ್ತಲೇ ಮಾತಾಡಿದ.

"ಗೋಣಿ, ಇಲ್ಲೇ ಎಲ್ಲೋ ಇದ್ದೀಯ ಅಂತ ಗೊತ್ತು. ಕರೆಯೋ ಹಾಗಿಲ್ಲ, ಕರೀತಿಲ್ಲ. ಹೇಳ್ತೀನಿ, ಅಷ್ಟೇ. ಅವತ್ತು ಒದ್ದೆ. ಕುಂಟಿ ಅಂದ್ಕೊಂಡೆ. ಈಗ ನಮ್ಮ ಮರೀನೂ ಕುಂಟುತ್ತೆ. ನಾನು ಮುಂದೆ ನೋಡಬಲ್ಲೆ. ಹಿಂದೆ ನೋಡೋದು ನನ್ನಿಂದ ಆಗಲ್ಲ."

ಕೆರೆಯಲ್ಲಿ ಮೀನು ನೆಗೆಯಿತು. ಗೂಡಿನ ಮೇಲೆ ಶೀನಪ್ಪ ಕಾಲು ಬದಲಾಯಿಸಿದ. ಆಮೇಲೆ ಹಿಂದೆ ಹೆಜ್ಜೆ ಸಪ್ಪಳವಾಯಿತು. ಒಂದು ಹೆಜ್ಜೆ ಎಳೆದು ಇಡುವ ಸಪ್ಪಳ. ಬೆನ್ನಿಗೆ ಬೆನ್ನು ತಾಗಿತು.

"ಅವತ್ತೂ ಹಿಂದೇನೇ ನೋಡ್ತಿದ್ದೆ" ಎಂದಳು ಗೋಣಿ. "ಕಳ್ಳಿ ಸಾಲಿನಲ್ಲಿ ಒಂದು ನರಿ ಕೂತಿತ್ತು. ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀನು ಒದ್ದೆ."

ಕೊಂಬಯ್ಯ ಹಿಂಗಾಲನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡ.

ಅವನು ಏಳಬೇಕೆನ್ನುವಾಗ ಎಡಗಡೆ ಇನ್ನೊಂದು ಮೈ ಒರಗಿತು. ದೊಡ್ಡ ಮೈ. ಉದ್ದ ಕೂದಲು. ಬ್ರೂನೋ. ಮೂತಿ ನೆಲದ ಮೇಲಿತ್ತು. ಗಡ್ಡ ಮೂಸಲಿಲ್ಲ.

"ಇವತ್ತು ಏನೂ ಇಲ್ಲ ಕಣೋ" ಎಂದ ಕೊಂಬಯ್ಯ.

"ಗೊತ್ತು. ತೊಳೆಯೋದು ನೋಡಿದೆ."

"ಮತ್ತೆ?"

"ಮರಿ ಎದ್ದು ನನ್ನ ಬಾಲ ಹುಡುಕುತ್ತೆ."

ಕೊಂಬಯ್ಯ ಎದ್ದ.

"ಒಬ್ಬನನ್ನು ಬಿಡೋಕೆ ಬಂದೆ. ಇಬ್ಬರನ್ನು ಕರ್ಕೊಂಡು ಹೋಗ್ತಿದೀಯ" ಎಂದಳು ಬೂದಕ್ಕ.

"ಹಾಲು ಸಾಕಾಗುತ್ತೆ" ಎಂದ ಕೊಂಬಯ್ಯ.

ನರಿಗಳು ಅಂದೇ ಸಂಜೆ ಬಂದವು. ಅದೇ ದಾರಿ, ಅದೇ ಹೊತ್ತು. ನರಿಯಪ್ಪ ಬಂಡೆಯ ಮೇಲೆ ಎಲುಬು ಹಿಡಿದು ನಿಂತ. ಇದರಲ್ಲಿ ಇನ್ನೂ ಹೆಚ್ಚು ಮಾಂಸವಿತ್ತು. ಕೆಳಗಿಟ್ಟು ಬ್ರೂನೋನನ್ನು ನೋಡಿದ.

ಬ್ರೂನೋ ಎಲುಬಿನ ಹತ್ತಿರ ಹೋದ. ನರಿಯಪ್ಪನ ಮುಖ ಅರಳಿತು. ಬ್ರೂನೋ ಎಲುಬನ್ನು ಮೂಸಿದ. ಹಿಂದೆ ತಿರುಗಿ ಚುಕ್ಕಿಯನ್ನು ನೋಡಿದ. ಆಮೇಲೆ ಕಾಲೆತ್ತಿ ಎಲುಬಿನ ಮೇಲೆ ಉಚ್ಚೆ ಹೊಯ್ದ.

ಪೊದೆಯಲ್ಲಿ ಕಾದಿದ್ದ ನರಿಯಮ್ಮನಿಗೆ ಇದು ಕಾಣಲಿಲ್ಲ. ಅವಳು ಹಾರಿದಳು. ಹಾರಿ ಬೀಳುವ ಜಾಗದಲ್ಲಿ ಗೋಣಿ ನಿಂತಿದ್ದಳು. ಅವಳು ಬೊಗಳಲಿಲ್ಲ. ಕಿವಿ ಹಿಡಿದಳು. ಈ ಸಲ ಹರಿದದ್ದು ನರಿಯ ಕಿವಿ. ಮೇಲೆ ಬ್ರೂನೋ, ಕೆಳಗೆ ಗೋಣಿ, ನಡುವೆ ಒಂದೇ ಕೊಂಬಿನ ಕೊಂಬಯ್ಯ. ನರಿಗಳು ಗುಡ್ಡದಿಂದ ಉರುಳಿಕೊಂಡೇ ಇಳಿದವು. ಬಿಲಕ್ಕೂ ತಿರುಗಿ ಬರಲಿಲ್ಲ.

"ಬುರುನಪ್ಪನಿಗೆ ಎಂಥ ಮರ್ಯಾದೆ ಕಲಿಸಿದ್ದಾರೆ ನೋಡು ಪಟ್ಟಣದವರು" ಎಂದಳು ನಿಂಗಜ್ಜಿ. ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಳು.

ಈಗ ಚುಕ್ಕಿ ದೊಡ್ಡವಳಾಗಿದ್ದಾಳೆ. ಅವಳೂ ಗೋಣಿಯೂ ಒಂದೇ ತಾಳಕ್ಕೆ ಕುಂಟುತ್ತಾ ಗುಡ್ಡ ಹತ್ತುತ್ತಾರೆ. ಚಳಿಗೆ ಮರಿಗಳೆಲ್ಲ ಬ್ರೂನೋನ ಕೂದಲಿನಲ್ಲಿ ಮಲಗುತ್ತವೆ.

ಕೊಂಬಯ್ಯ ಕೆರೆಗೆ ಇಳಿದರೆ ಮುಖ ನೋಡಿಕೊಳ್ಳುವುದಿಲ್ಲ. ಸೀದಾ ಬಗ್ಗಿ ನೀರು ಕುಡಿಯುತ್ತಾನೆ. ಬೆನ್ನ ಹಿಂದೆ ಯಾರಿದ್ದಾರೆಂದು ಅವನಿಗೆ ಗೊತ್ತು.

ನೀತಿ: ಆಸೆ ತೋರಿಸಿ ಕರೆತಂದವರು ಹೆಚ್ಚು ಆಸೆ ತೋರಿಸಿದವರ ಹಿಂದೆ ಹೋಗುತ್ತಾರೆ, ಏನೂ ತೋರಿಸದೆ ಕೂತಾಗ ಬಂದು ಪಕ್ಕದಲ್ಲಿ ಕೂತವರೇ ನಮ್ಮವರು.